ಹಿಂದಿದ್ದವರು ದಾಟಿ ಹೋದ ದಾರಿ

(ಗೋಣಿಕೊಪ್ಪದಲ್ಲಿ ಕಾಫಿ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಈ ಸಭೆಯಲ್ಲಿ ವಿಯೆಟ್ನಾಂ ದೇಶವನ್ನು ಒಮ್ಮೆಯೂ ಬೈಯದವರು ಇದ್ದರೆ ಕೈ ಎತ್ತಿ. ಹಿಂದಿನ ಸಾಲಿನ ವಿದ್ಯಾರ್ಥಿಗಳು ಮಾತ್ರ ಎತ್ತಿದ್ದೀರಿ. ನಿಮ್ಮ ಮನೆಯಲ್ಲಿ ಮೆಣಸಿನ ಬಳ್ಳಿ ಇಲ್ಲ ಅಂತ ಕಾಣುತ್ತದೆ.

ಬೈಯಲು ಕಾರಣ ಇಲ್ಲದಿಲ್ಲ. ವಿಯೆಟ್ನಾಂ ಮೆಣಸು ಶ್ರೀಲಂಕಾ ಸುತ್ತಿಕೊಂಡು ಇಲ್ಲಿಗೆ ಬಂದು ನಮ್ಮ ಬೆಲೆ ಇಳಿಸುತ್ತದೆ ಎಂದು ಎಷ್ಟು ಮನವಿ ಕೊಟ್ಟಿದ್ದೀರಿ. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು, ಅದಕ್ಕಿಂತ ಅಗ್ಗದ ಮೆಣಸು ಒಳಗೆ ಬರಬಾರದು ಎಂದು. ಆ ಬೇಲಿ ಸರಿಯೋ ತಪ್ಪೋ ಅನ್ನುವುದು ಇವತ್ತಿನ ಮಾತಲ್ಲ. ಬೇಲಿ ಹಾಕುವ ಪರಿಸ್ಥಿತಿ ಯಾಕೆ ಬಂತು ಎಂಬುದು ನನ್ನ ಮಾತು.

1990ಕ್ಕೆ ಹೋಗೋಣ. ಆ ವರ್ಷ ಭಾರತದಲ್ಲಿ ಸುಮಾರು 1.7 ಲಕ್ಷ ಟನ್ ಕಾಫಿ ಆಗಿತ್ತು. ವಿಯೆಟ್ನಾಂನಲ್ಲಿ ಒಂದು ಲಕ್ಷ ಟನ್ನೂ ಇರಲಿಲ್ಲ. ಮೆಣಸಿನಲ್ಲೂ ಅವರಿಗಿಂತ ನಾವೇ ದೊಡ್ಡವರು. ತಲಾ ಆದಾಯದಲ್ಲೂ ನಾವೇ ಮುಂದೆ: ನಮ್ಮದು 370 ಡಾಲರ್ ಆಸುಪಾಸು, ಅವರದು ನೂರು ಡಾಲರ್ ಹತ್ತಿರ. ಮೂವತ್ತು ವರ್ಷ ಯುದ್ಧ ಮಾಡಿ ಸುಸ್ತಾದ ದೇಶ ಅದು. ಈಗ ಅವರ ತಲಾ ಆದಾಯ 4,000 ಡಾಲರ್ ದಾಟಿದೆ. ನಾವು ಎರಡೂವರೆ ಸಾವಿರದ ಹತ್ತಿರ ಇದ್ದೇವೆ. ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅವರೇ.

ನಾವು ಸುಮ್ನೆ ಕೂತಿರಲಿಲ್ಲ, ನಾವೂ ಬೆಳೆದಿದ್ದೇವೆ. ಆದರೆ ಹಿಂದಿದ್ದವರು ನಮ್ಮನ್ನು ದಾಟಿ ಹೋದರು. ಬಡ ದೇಶ ಶ್ರೀಮಂತ ದೇಶವನ್ನು ಬೆನ್ನಟ್ಟಿ ಹಿಡಿಯುವುದು ಹೇಗೆ ಎಂಬ ಅರ್ಥಶಾಸ್ತ್ರದ ದೊಡ್ಡ ಪ್ರಶ್ನೆ ಹೀಗೆ ನಮ್ಮ ಮೆಣಸಿನ ಚೀಲದಲ್ಲೇ ಬಂದು ಕೂತಿದೆ.

ಮೊದಲು ಹಿಂದೆ ಇರುವವನಿಗೆ ಇರುವ ಲಾಭ ಹೇಳುತ್ತೇನೆ. ನಿಮಗೆ ಇದು ತೋಟದಲ್ಲೇ ಗೊತ್ತಿರುವ ವಿಷಯ. ಹತ್ತು ವರ್ಷ ಪಾಳು ಬಿದ್ದ ರೋಬಸ್ಟಾ ಕಾಫಿ ತೋಟವನ್ನು ಒಬ್ಬರು ಕೊಳ್ಳುತ್ತಾರೆ. ಮೊದಲ ವರ್ಷ ಕಪಾತು ಮಾಡಿ (ಬೇಡದ ರೆಂಬೆ ಕತ್ತರಿಸಿ), ಗೊಬ್ಬರ ಹಾಕಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ತಿರುಗಿಸಿದರೆ ಫಸಲು ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಅಪ್ಪನ ಕಾಲದಿಂದ ಚೆನ್ನಾಗಿ ನೋಡಿಕೊಂಡು ಬಂದ ತೋಟ ಇದೆ. ಅಲ್ಲಿ ಅಷ್ಟೇ ಗೊಬ್ಬರ ಜಾಸ್ತಿ ಹಾಕಿದರೆ ನಾಲ್ಕು ಚೀಲ ಹೆಚ್ಚು ಸಿಗಬಹುದು, ಅಷ್ಟೇ. ಬಂಡವಾಳ ಕಡಿಮೆ ಇರುವ ಕಡೆ ಹಾಕಿದ ಮೊದಲ ರೂಪಾಯಿ ಜಾಸ್ತಿ ದುಡಿಯುತ್ತದೆ. ರಾಬರ್ಟ್ ಸೋಲೋ 1956ರಲ್ಲಿ ಇದನ್ನು ಗಣಿತದಲ್ಲಿ ಬರೆದರು. 1987ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನೊಂದು ಲಾಭವೂ ಇದೆ. ಮುಂದಿರುವವನು ಕಾಡು ಕಡಿದು ದಾರಿ ಮಾಡಬೇಕು, ಹಿಂದಿನವನು ಅದೇ ದಾರಿಯಲ್ಲಿ ನಡೆದರೆ ಸಾಕು. ಸ್ಟೀಮ್ ಎಂಜಿನ್ ಅನ್ನು ಎರಡನೇ ಸಲ ಯಾರೂ ಕಂಡುಹಿಡಿಯಬೇಕಿಲ್ಲ. ಹಿಂದುಳಿದಿರುವುದೂ ಒಂದು ಥರದ ಅನುಕೂಲ ಎಂದು ಗರ್ಶೆನ್‌ಕ್ರಾನ್ ಎಂಬ ಇತಿಹಾಸಕಾರ ವಾದ ಮಾಡಿದ್ದರು.

ವಿದ್ಯಾರ್ಥಿಗಳಿಗೆ ಒಂದು ಸುಲಭದ ಲೆಕ್ಕ ಕೊಡುತ್ತೇನೆ, ಬರೆದುಕೊಳ್ಳಿ. 70ನ್ನು ಬೆಳವಣಿಗೆಯ ದರದಿಂದ ಭಾಗಿಸಿ. ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಅನ್ನುವುದು ಸಿಗುತ್ತದೆ. ಅಮೆರಿಕದ ತಲಾ ಆದಾಯ ನೂರಕ್ಕೂ ಜಾಸ್ತಿ ವರ್ಷದಿಂದ ಹೆಚ್ಚುಕಡಿಮೆ ಶೇ 2ರಂತೆ ಬೆಳೆದಿದೆ. ಅಂದರೆ 35 ವರ್ಷಕ್ಕೆ ದುಪ್ಪಟ್ಟು. ಶೇ 7ರಂತೆ ಬೆಳೆಯುವ ದೇಶಕ್ಕೆ 10 ವರ್ಷ ಸಾಕು. ಅಜ್ಜ ನೋಡಿದ್ದಕ್ಕಿಂತ ಮೊಮ್ಮಗ ಎಂಟು ಪಟ್ಟು ಶ್ರೀಮಂತ ಆಗಲು ಮೂವತ್ತು ವರ್ಷ. ಈಗ ನಮ್ಮದು ನೋಡಿ. 1950ರಿಂದ 1980ರವರೆಗೆ ಭಾರತ ಸುಮಾರು ಶೇ 3.5ರಂತೆ ಬೆಳೆಯಿತು. ಪ್ರೊಫೆಸರ್ ರಾಜ್ ಕೃಷ್ಣ ಇದನ್ನು ‘ಹಿಂದೂ ಬೆಳವಣಿಗೆ ದರ’ ಎಂದು ಚುಚ್ಚಿ ಕರೆದಿದ್ದರು. ಜನಸಂಖ್ಯೆ ಶೇ 2ಕ್ಕಿಂತ ಜಾಸ್ತಿ ಬೆಳೆಯುತ್ತಿತ್ತು. ತಲೆಗೆ ಉಳಿದದ್ದು ಒಂದೂಕಾಲು, ಒಂದೂವರೆ. ಭಾಗಿಸಿ ನೋಡಿ. ದುಪ್ಪಟ್ಟಾಗಲು ಹತ್ತಿರ ಹತ್ತಿರ ಐವತ್ತು ವರ್ಷ.

ಹಿಂದಿರುವವನಿಗೆ ಇಷ್ಟು ಅನುಕೂಲ ಇದ್ದರೆ ಎಲ್ಲ ಬಡ ದೇಶಗಳೂ ಮೇಲೆ ಬರಬೇಕಿತ್ತು, ಅಲ್ವಾ? ಬರಲಿಲ್ಲ. ವಿಶ್ವಬ್ಯಾಂಕ್ ಒಂದು ಲೆಕ್ಕ ತೆಗೆದಿತ್ತು. 1960ರಲ್ಲಿ ಮಧ್ಯಮ ಆದಾಯದಲ್ಲಿದ್ದ 101 ದೇಶ, ಪ್ರದೇಶಗಳಲ್ಲಿ 2008ರ ಹೊತ್ತಿಗೆ ಶ್ರೀಮಂತವಾದವು 13 ಮಾತ್ರ. ಹಿಂದಕ್ಕೆ ಹೋದವರೂ ಇದ್ದಾರೆ. ನೂರು ವರ್ಷದ ಹಿಂದೆ ಅರ್ಜೆಂಟೀನಾ ಶ್ರೀಮಂತ ದೇಶಗಳ ಸಾಲಿನಲ್ಲಿ ಕೂತಿತ್ತು. ಇವತ್ತು ಆ ಸಾಲಿನಲ್ಲಿ ಇಲ್ಲ.

ಪಾಳು ತೋಟ ತಾನಾಗೇ ಫಸಲು ಕೊಡುವುದಿಲ್ಲ. ಕಪಾತು ಗೊತ್ತಿರುವ ಆಳು ಬೇಕು, ನೀರು ಬೇಕು, ಸಾಲ ಬೇಕು. ಮುಖ್ಯವಾಗಿ ‘ಈ ವರ್ಷ ಎಷ್ಟಾಯಿತು, ಯಾಕೆ ಕಡಿಮೆಯಾಯಿತು’ ಎಂದು ಕೇಳುವವರು ಒಬ್ಬರು ಬೇಕು. ಇವತ್ತು ನಾನು ಒತ್ತಿ ಹೇಳಲು ಬಂದಿರುವುದು ಈ ಕೊನೆಯ ಮಾತನ್ನೇ. ಅದಕ್ಕೆ ಕೊರಿಯಾದ ಕಥೆ ಬೇಕು.

1960ರಲ್ಲಿ ದಕ್ಷಿಣ ಕೊರಿಯಾ ಫಿಲಿಪೀನ್ಸ್‌ಗಿಂತ ಬಡ ದೇಶ. 1953ರಲ್ಲಿ ಯುದ್ಧ ನಿಂತಿತ್ತು, ಅರ್ಧ ದೇಶ ಬೂದಿಯಾಗಿತ್ತು. ಕೈಯಲ್ಲಿದ್ದ ಒಳ್ಳೆಯ ಸಂಗತಿ ಎರಡೇ. ಒಂದು, ಭೂಸುಧಾರಣೆ ಆಗಿ ಗೇಣಿದಾರರ ಕೈಗೆ ಗದ್ದೆ ಬಂದಿತ್ತು. ಇನ್ನೊಂದು, ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅವರು ಏನು ರಫ್ತು ಮಾಡುತ್ತಿದ್ದರು ಗೊತ್ತಾ? ಟಂಗ್‌ಸ್ಟನ್ ಅದಿರು, ಮೀನು, ಆಮೇಲೆ ವಿಗ್. ಹೌದು, ತಲೆಗೆ ಹಾಕುವ ವಿಗ್. ಹೆಂಗಸರು ಕೂದಲು ಮಾರುತ್ತಿದ್ದರು, ಹುಡುಗಿಯರು ಫ್ಯಾಕ್ಟರಿಯಲ್ಲಿ ಕೂತು ವಿಗ್ ಹೆಣೆಯುತ್ತಿದ್ದರು. ಕೂದಲು ನಮ್ಮ ತಿರುಪತಿಯಲ್ಲೂ ಬೇಕಾದಷ್ಟು ಬೀಳುತ್ತದೆ. ಬಿದ್ದ ಕೂದಲನ್ನು ಏನು ಮಾಡಿದರು ಅನ್ನುವುದರಲ್ಲಿ ವ್ಯತ್ಯಾಸ ಇದೆ.

1964ರಲ್ಲಿ ಕೊರಿಯಾದ ರಫ್ತು ಮೊದಲ ಸಲ ವರ್ಷಕ್ಕೆ 10 ಕೋಟಿ ಡಾಲರ್ ಮುಟ್ಟಿತು. 1977ರಲ್ಲಿ 1,000 ಕೋಟಿ ಡಾಲರ್. ಹದಿಮೂರು ವರ್ಷದಲ್ಲಿ ನೂರು ಪಟ್ಟು. ಉಕ್ಕಿನ ಕಾರ್ಖಾನೆ ಕಟ್ಟುತ್ತೇವೆ ಎಂದಾಗ ವಿಶ್ವಬ್ಯಾಂಕ್ ‘ಇದು ನಿಮ್ಮ ಕೈಲಾಗದು’ ಎಂಬ ಅರ್ಥದಲ್ಲಿ ವರದಿ ಕೊಟ್ಟಿತು. ಕೊರಿಯಾದವರು ಜಪಾನ್ ಕೊಟ್ಟ ಪರಿಹಾರದ ಹಣ ಹಾಕಿ ಪೊಹಾಂಗ್‌ನಲ್ಲಿ ಕಟ್ಟಿಯೇ ಬಿಟ್ಟರು. 1973ರಲ್ಲಿ ಉಕ್ಕು ಹೊರಬಂತು.

ಈಗ ಗಮನವಿಟ್ಟು ಕೇಳಿ. ಕೊರಿಯಾ ಸರ್ಕಾರ ಕಂಪನಿಗಳಿಗೆ ಅಗ್ಗದ ಸಾಲ ಕೊಟ್ಟಿತು. ಹೊರಗಿನ ಸರಕು ಬರದಂತೆ ಬೇಲಿ ಹಾಕಿತು. ಇದನ್ನೆಲ್ಲ ನಾವೂ ಮಾಡಿದ್ದೇವೆ. ನಮ್ಮ ಬೇಲಿ ಇನ್ನೂ ಎತ್ತರವಾಗಿತ್ತು. ಆದರೆ ಕೊರಿಯಾದಲ್ಲಿ ಸಾಲದ ಜೊತೆ ಒಂದು ಷರತ್ತು ಬರುತ್ತಿತ್ತು. ಈ ವರ್ಷ ಇಷ್ಟು ರಫ್ತು ಮಾಡಬೇಕು. ಅಧ್ಯಕ್ಷ ಪಾರ್ಕ್ ಚುಂಗ್ ಹೀ ತಿಂಗಳಿಗೊಮ್ಮೆ ಸಭೆ ಕರೆದು ರಫ್ತಿನ ಲೆಕ್ಕ ಕೇಳುತ್ತಿದ್ದರು. ಗುರಿ ಮುಟ್ಟದ ಕಂಪನಿಗೆ ಮುಂದಿನ ಸಲ ಸಾಲದ ಬಾಗಿಲು ಕಿರಿದಾಗುತ್ತಿತ್ತು. ಸರ್ಕಾರಕ್ಕೆ ಸುಳ್ಳು ಹೇಳಬಹುದು, ಮಂತ್ರಿಯನ್ನು ಒಲಿಸಿಕೊಳ್ಳಬಹುದು. ಆದರೆ ಅಮೆರಿಕದ ಅಂಗಡಿಯಲ್ಲಿ ಶರ್ಟ್ ಕೊಳ್ಳುವ ಹೆಂಗಸನ್ನು ಒಲಿಸಿಕೊಳ್ಳಲು ಆಗುವುದಿಲ್ಲ. ಹೊಲಿಗೆ ಬಿಟ್ಟರೆ ಆಕೆ ಕೊಳ್ಳುವುದಿಲ್ಲ. ಆ ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಬರುವುದಿಲ್ಲ.

ಕಾರುಗಳನ್ನೇ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ನಮ್ಮ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ಬಂತು, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿ. ಹ್ಯುಂಡೈನವರ ಪೋನಿ ಬಂದದ್ದು 1975ರಲ್ಲಿ. ಮಾರನೇ ವರ್ಷವೇ ಐದು ಪೋನಿಗಳನ್ನು ಈಕ್ವೆಡಾರ್‌ಗೆ ಕಳಿಸಿದರು. ಐದೇ ಐದು! ನಗು ಬರುತ್ತದೆ. ಆದರೆ ಆ ಐದು ಕಾರು ಅಲ್ಲಿನ ಗುಡ್ಡದ ರಸ್ತೆಯಲ್ಲಿ ಎಲ್ಲಿ ಕೆಟ್ಟು ನಿಂತವು, ಯಾಕೆ ನಿಂತವು ಅನ್ನುವುದು ಕಂಪನಿಗೆ ಗೊತ್ತಾಗುತ್ತದೆ. ಅಂಬಾಸಿಡರ್ 2014ರವರೆಗೂ ತಯಾರಾಯಿತು. ನಿಮ್ಮಲ್ಲಿ ಕೆಲವರಿಗೆ ಅದರ ಮೇಲೆ ಪ್ರೀತಿ ಇದೆ, ನನಗೂ ಇದೆ. ಮಳೆಗಾಲದ ಕೊಡಗಿನ ರಸ್ತೆಯಲ್ಲಿ ಅಂಥ ಗಟ್ಟಿ ಗಾಡಿ ಬೇರೆ ಇರಲಿಲ್ಲ. ಆದರೆ ದಶಕಗಳ ಕಾಲ ಬೇಲಿಯ ಒಳಗೆ ಇದ್ದದ್ದಕ್ಕೆ ಅದು ಹೆಚ್ಚೇನೂ ಬದಲಾಗಲಿಲ್ಲ. ಅದೇ ಹ್ಯುಂಡೈ ಆಮೇಲೆ ಚೆನ್ನೈ ಹತ್ತಿರ ಫ್ಯಾಕ್ಟರಿ ಹಾಕಿ ನಮಗೇ ಕಾರು ಮಾರಿತು.

‘ಹಾಗಾದರೆ ಸರ್ವಾಧಿಕಾರಿ ಬೇಕು ಅಂತೀರಾ ಸಾರ್’ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಪಾರ್ಕ್ ಸರ್ವಾಧಿಕಾರಿ ಹೌದು. ಆದರೆ ಫಿಲಿಪೀನ್ಸ್‌ನಲ್ಲಿ ಮಾರ್ಕೋಸ್ ಇದ್ದರು, ಕಾಂಗೋದಲ್ಲಿ ಮೊಬುಟು ಇದ್ದರು. ಅವರೂ ಸರ್ವಾಧಿಕಾರಿಗಳೇ. ಅವರ ದೇಶಗಳು ಕೊರಿಯಾ ಆಗಲಿಲ್ಲ. ಮಾರಿಷಸ್ ಮತದ ಪೆಟ್ಟಿಗೆ ಇಟ್ಟುಕೊಂಡೇ ಕಬ್ಬಿನಿಂದ ಬಟ್ಟೆಗೆ, ಬಟ್ಟೆಯಿಂದ ಮೇಲಕ್ಕೆ ಬಂತು. ಇನ್ನೊಂದು ಮಾತು. ಕೊರಿಯಾದ ಆ ಬೆಳವಣಿಗೆಗೆ ಬೆಲೆ ಕೊಟ್ಟವರು ಹೊಲಿಗೆ ಮಿಷನ್ ಮುಂದೆ ಕೂತ ಹುಡುಗಿಯರು. 1970ರ ನವೆಂಬರ್‌ನಲ್ಲಿ ಸೋಲ್ ನಗರದಲ್ಲಿ ಚೊನ್ ತೇ-ಇಲ್ ಎಂಬ 22 ವರ್ಷದ ಬಟ್ಟೆ ಕಾರ್ಮಿಕ, ಇರುವ ಕಾರ್ಮಿಕ ಕಾನೂನನ್ನಾದರೂ ಪಾಲಿಸಿ ಎಂದು ಕೂಗುತ್ತಾ ಬೆಂಕಿ ಹಚ್ಚಿಕೊಂಡ. ರಫ್ತಿನ ಅಂಕಿ ಓದುವಾಗ ಈ ಹುಡುಗನೂ ನೆನಪಿನಲ್ಲಿ ಇರಲಿ.

ಕಲಿಕೆ ಹೇಗೆ ಹರಡುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟದ ಒಂದು ಕಥೆ ಇದೆ. ಬಾಂಗ್ಲಾದೇಶದ್ದು. 1979ರಲ್ಲಿ ದೇಶ್ ಗಾರ್ಮೆಂಟ್ಸ್ ಎಂಬ ಹೊಸ ಕಂಪನಿ ಕೊರಿಯಾದ ದೇವೂ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು 130 ಜನರನ್ನು ಬುಸಾನ್‌ಗೆ ಕಳಿಸಿತು. ಅವರು ಅಲ್ಲಿ ಕೆಲವು ತಿಂಗಳು ಇದ್ದು ಕತ್ತರಿಸುವುದು, ಹೊಲಿಯುವುದು, ಗುಣಮಟ್ಟ ನೋಡುವುದು, ಆರ್ಡರ್ ಹಿಡಿಯುವುದು ಎಲ್ಲ ಕಲಿತು ಬಂದರು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಬಹುಪಾಲು ಜನ ಕೆಲಸ ಬಿಟ್ಟರು. ಬಿಟ್ಟು ಸ್ವಂತ ಫ್ಯಾಕ್ಟರಿ ಹಾಕಿದರು, ಇಲ್ಲವೇ ಬೇರೆಯವರ ಫ್ಯಾಕ್ಟರಿ ಎಬ್ಬಿಸಿ ಕೊಟ್ಟರು. ಕಳಿಸಿದ ಕಂಪನಿಗೆ ತಲೆನೋವು, ದೇಶಕ್ಕೆ ಲಾಭ. ಇವತ್ತು ಬಾಂಗ್ಲಾದೇಶದ ರಫ್ತಿನಲ್ಲಿ ಶೇ 80ಕ್ಕಿಂತ ಜಾಸ್ತಿ ಸಿದ್ಧ ಉಡುಪು. ಹೆಪ್ಪು ಹಾಕಲು ಒಂದು ಚಮಚ ಮೊಸರು ಸಾಕು. ಆದರೆ ಹಾಲು ಬೆಚ್ಚಗಿರಬೇಕು.

ಈಗ ವಿಯೆಟ್ನಾಂಗೆ ವಾಪಸ್ ಬರೋಣ. ಅವರ ಕಾಫಿಯ ಹಿಂದೆ ಒಂದು ತಮಾಷೆ ಇದೆ. 1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿತ್ತು. ಪೂರ್ವ ಜರ್ಮನಿಯ ಸರ್ಕಾರದ ಹತ್ತಿರ ಕಾಫಿ ಕೊಳ್ಳಲು ಡಾಲರ್ ಇರಲಿಲ್ಲ. ಕಾಫಿಯಲ್ಲಿ ಏನೇನೋ ಬೆರೆಸಿ ಮಾರಿದರು, ಜನ ರೇಗಿದರು. ಕೊನೆಗೆ 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ ಆಯಿತು. ನಾವು ಯಂತ್ರ, ಲಾರಿ, ತಾಂತ್ರಿಕ ನೆರವು ಕೊಡುತ್ತೇವೆ, ಫಸಲಿನಲ್ಲಿ ಅರ್ಧ ನಮಗೆ ಕೊಡಿ ಎಂದು. ಕಾಫಿ ಗಿಡ ಅವಸರ ಮಾಡುವುದಿಲ್ಲ, ನಿಮಗೇ ಗೊತ್ತು. ತೋಟ ಎದ್ದು ದೊಡ್ಡ ಫಸಲು ಬರುವ ಹೊತ್ತಿಗೆ 1990 ಬಂತು. ಪೂರ್ವ ಜರ್ಮನಿ ಎಂಬ ದೇಶವೇ ಇರಲಿಲ್ಲ!

ಆದರೆ ತೋಟ ಎದ್ದದ್ದು ಜರ್ಮನ್ ಲಾರಿಯಿಂದ ಮಾತ್ರ ಅಲ್ಲ. 1986ರಲ್ಲಿ ವಿಯೆಟ್ನಾಂ ‘ದೊಯ್ ಮೊಯ್’ ಎಂಬ, ಮಾರುಕಟ್ಟೆಗೆ ಬಾಗಿಲು ತೆಗೆಯುವ ಹೊಸ ನೀತಿ ತಂದಿತು. 1988ರಲ್ಲಿ ಸಾಮೂಹಿಕ ಬೇಸಾಯ ಸಡಿಲಿಸಿ ಜಮೀನನ್ನು ಮನೆಮನೆಗೆ ಹಂಚಿತು. 1993ರ ಕಾನೂನು ಬಹುವಾರ್ಷಿಕ ಬೆಳೆಯ ಭೂಮಿಗೆ 50 ವರ್ಷದ ಹಕ್ಕು ಕೊಟ್ಟಿತು. ಆ ಹಕ್ಕನ್ನು ಮಾರಬಹುದು, ಅಡವಿಟ್ಟು ಸಾಲ ತೆಗೆಯಬಹುದು, ಮಕ್ಕಳಿಗೆ ಬಿಡಬಹುದು. ಡಾಕ್ ಲಾಕ್ ಪ್ರಾಂತ್ಯದಲ್ಲಿ ಎರಡು ಎಕರೆ, ಮೂರು ಎಕರೆಯ ಸಣ್ಣ ರೈತರೇ ಆ ಮಹಾಪೂರ ತಂದರು. ಹತ್ತೇ ವರ್ಷದಲ್ಲಿ ಒಂದು ಲಕ್ಷ ಟನ್ನಿನ ಕೆಳಗಿನಿಂದ ಎಂಟು ಲಕ್ಷ ಟನ್ನಿನ ಮೇಲಕ್ಕೆ.

ಅದೇ ಹೊತ್ತಿನಲ್ಲಿ ನಾವು ಏನು ಮಾಡುತ್ತಿದ್ದೆವು? ಹಿರಿಯರಿಗೆ ಕಾಫಿ ಬೋರ್ಡಿನ ಪೂಲ್ ನೆನಪಿದೆ. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಬೆಳೆಗಾರ ಮುಳುಗಬಾರದು ಎಂದು 1940ರ ದಶಕದಲ್ಲಿ ತಂದ ವ್ಯವಸ್ಥೆ ಅದು. ಬೆಳೆದ ಕಾಫಿಯೆಲ್ಲ ಪೂಲ್‌ಗೆ ಕೊಡಬೇಕು. ಕಾಫಿಯ ದರ್ಜೆ ನೋಡಿ ಪಾಯಿಂಟ್ ಲೆಕ್ಕ. ಹಣ ಕಂತಿನಲ್ಲಿ. ಪೂಲ್ ಅನ್ನು ಸುಮ್ನೆ ಹಳಿಯಲು ನಾನು ತಯಾರಿಲ್ಲ. ಅದು ಇಲ್ಲದಿದ್ದರೆ ಆ ಕಾಲದಲ್ಲಿ ಎಷ್ಟೋ ಸಣ್ಣ ತೋಟ ಕೈಬಿಟ್ಟು ಹೋಗುತ್ತಿದ್ದವು. ಬೆಲೆಯ ಏರಿಳಿತ ಬೆಳೆಗಾರನ ಮನೆ ಬಾಗಿಲಿಗೆ ನೇರ ಬರುತ್ತಿರಲಿಲ್ಲ. ಆದರೆ ಬೆಲೆಯ ಸುದ್ದಿಯೂ ಬರುತ್ತಿರಲಿಲ್ಲ. ನಮ್ಮಪ್ಪ ಕಾಫಿ ಒಣಗಿಸಿ, ಚೀಲ ಕಟ್ಟಿ, ಕೊಟ್ಟು ಬಂದು ಸುಮ್ಮನಾಗುತ್ತಿದ್ದರು. ಅದನ್ನು ಯಾರು ಕುಡಿದರು, ಇಷ್ಟವಾಯಿತೋ ಇಲ್ಲವೋ, ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಯುದ್ಧಕ್ಕೆಂದು ಕಟ್ಟಿದ ಬೇಲಿ ಯುದ್ಧ ಮುಗಿದು ಐವತ್ತು ವರ್ಷ ಇತ್ತು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂದು ಗೊತ್ತು ಮಾಡುತ್ತಿದ್ದ ಅಂತರರಾಷ್ಟ್ರೀಯ ಕೋಟಾ 1989ರಲ್ಲಿ ಮುರಿದು ಬಿತ್ತು. 1991ರಲ್ಲಿ ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಹೋಯಿತು. ಆಮೇಲೆ ಪೂಲ್ ಅನ್ನು ಹಂತ ಹಂತವಾಗಿ ಬಿಡುತ್ತಾ ಬಂದು 1996ರಲ್ಲಿ ಪೂರ್ತಿ ಬಿಟ್ಟರು. ಈಗ ನೀವು ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಫೋನಿನಲ್ಲಿ ಲಂಡನ್ ಮಾರುಕಟ್ಟೆಯ ಕಾಫಿ ರೇಟು ನೋಡುತ್ತೀರಿ.

ಬೇಲಿ ಹಾಕಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಸಸಿಗೆ ಬೇಲಿ ಬೇಕು. ಯಾವಾಗ ತೆಗೆಯುತ್ತೀರಿ, ಅಷ್ಟರಲ್ಲಿ ಗಿಡ ಎಷ್ಟು ಎತ್ತರ ಬರಬೇಕು ಎಂದು ಹಾಕಿದ ದಿನವೇ ಹೇಳಬೇಕಿತ್ತು. ಕೊರಿಯಾ ಎತ್ತರವನ್ನಾದರೂ ಹೇಳಿತು. ನಾವು ಹೇಳಲಿಲ್ಲ.

ವಿಯೆಟ್ನಾಂ ಅನ್ನು ತಲೆ ಮೇಲೆ ಹೊತ್ತುಕೊಳ್ಳುವುದೂ ಬೇಡ. ಅವರು ಸುರಿದ ಕಾಫಿಯೂ ಸೇರಿ 2001ರಲ್ಲಿ ಜಾಗತಿಕ ಬೆಲೆ ಪೌಂಡಿಗೆ 46 ಸೆಂಟ್ ಆಸುಪಾಸಿಗೆ ಬಿತ್ತು. ಇಲ್ಲಿ ಕೂತವರಿಗೆ ಆ ವರ್ಷಗಳನ್ನು ನಾನು ವಿವರಿಸಬೇಕಿಲ್ಲ. ಡಾಕ್ ಲಾಕ್‌ನ ರೈತರೂ ಅದೇ ಏಟು ತಿಂದರು. ಅವರ ಇಳುವರಿ ಹೆಕ್ಟೇರಿಗೆ ಎರಡೂವರೆ ಟನ್ ದಾಟುತ್ತದೆ, ನಮ್ಮ ರೋಬಸ್ಟಾ ಸರಾಸರಿ ಅದರ ಅರ್ಧದ ಹತ್ತಿರ. ಆದರೆ ಅದಕ್ಕಾಗಿ ಅವರು ಕಾಡು ಕಡಿದರು, ನೆರಳಿಲ್ಲದೆ ಬಿಸಿಲಲ್ಲಿ ಬೆಳೆದರು, ಬಾವಿಯ ನೀರನ್ನು ಪಾತಾಳಕ್ಕೆ ಇಳಿಸಿದರು. ಕಾವೇರಿ ಹುಟ್ಟುವ ಜಾಗದಲ್ಲಿ, 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ಕಂಡ ನಾವು ಅದನ್ನು ನಕಲು ಮಾಡುವ ಯೋಚನೆಯನ್ನೂ ಮಾಡಬಾರದು.

ಇನ್ನೊಂದು ಮುಖ್ಯ ಸಂಗತಿ. ವಿಯೆಟ್ನಾಂ ನಮ್ಮನ್ನು ದಾಟಿದ್ದು ಕಾಫಿಯಿಂದಲೋ ಮೆಣಸಿನಿಂದಲೋ ಅಲ್ಲ. ಅವು ಕೊಡಗಿನಿಂದ ನೋಡಿದಾಗ ದೊಡ್ಡದಾಗಿ ಕಾಣುತ್ತವೆ, ಅಷ್ಟೇ. 2007ರಲ್ಲಿ ಅವರು ವಿಶ್ವ ವ್ಯಾಪಾರ ಸಂಸ್ಥೆ ಸೇರಿದರು. 2009ರಲ್ಲಿ ಸ್ಯಾಮ್‌ಸಂಗ್ ಅಲ್ಲಿನ ಬಾಕ್ ನಿನ್ ಪ್ರಾಂತ್ಯದಲ್ಲಿ ಫೋನ್ ಮಾಡಲು ಶುರು ಮಾಡಿತು. ಬಟ್ಟೆ, ಚಪ್ಪಲಿ, ಆಮೇಲೆ ಫೋನು. ಗದ್ದೆಯಲ್ಲಿದ್ದ ಹೆಣ್ಣುಮಕ್ಕಳು ಲಕ್ಷಗಟ್ಟಲೆ ಫ್ಯಾಕ್ಟರಿಗೆ ಬಂದರು. ಅಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಪ್ರಮಾಣ ನಮಗಿಂತ ತುಂಬಾ ಜಾಸ್ತಿ. ಫೋನಿನ ಬಿಡಿಭಾಗ ಬಹುಪಾಲು ಹೊರಗಿನಿಂದ ಬರುತ್ತವೆ, ಜೋಡಿಸುವುದು ಮಾತ್ರ ಅವರು ಎಂಬ ಟೀಕೆ ಇದೆ. ಅದು ನಿಜ. ಕೊರಿಯಾದವರೂ ಜೋಡಿಸುವುದರಿಂದಲೇ ಶುರು ಮಾಡಿದ್ದು. ವಿಯೆಟ್ನಾಂ ಅದರ ಮುಂದಿನ ಮೆಟ್ಟಿಲು ಹತ್ತುತ್ತದೋ ಇಲ್ಲವೋ ಕಾದು ನೋಡಬೇಕು. ಆ 101ರಲ್ಲಿ 88 ಜಾರಿದ್ದು ಅಂಥ ಮೆಟ್ಟಿಲಲ್ಲೇ.

ಚೀನಾದ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. 1990ರಲ್ಲಿ ಅವರೂ ನಾವೂ ತಲಾ ಆದಾಯದಲ್ಲಿ ಹೆಚ್ಚುಕಡಿಮೆ ಸಮ. ಈಗ ಅವರು ನಮ್ಮ ಐದು ಪಟ್ಟು. 1978ರಲ್ಲಿ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿನ ಹಳ್ಳಿಯ ಮಕ್ಕಳು ಓದಲು ಬರೆಯಲು ಕಲಿತಾಗಿತ್ತು. ನಾವು 1991ರಲ್ಲಿ ಬಾಗಿಲು ತೆಗೆದಾಗ ನಮ್ಮಲ್ಲಿ ಅರ್ಧದಷ್ಟು ಜನ ಅನಕ್ಷರಸ್ಥರು. ಹಾಗಾಗಿ ನಮ್ಮ ಬೆಳವಣಿಗೆ ಇಂಗ್ಲಿಷ್ ಬಲ್ಲವರ ಕಂಪ್ಯೂಟರ್ ಮೇಜಿನ ಮೇಲೆ ಕೂತಿತು, ಹೊಲಿಗೆ ಮಿಷನ್ ಮೇಲೆ ಅಷ್ಟಾಗಿ ಕೂರಲಿಲ್ಲ.

ಕೊಡಗಿನ ಸಾಕ್ಷರತೆ 2011ರ ಗಣತಿಯಲ್ಲಿ ಶೇ 82.6. ರಾಜ್ಯದ ಸರಾಸರಿಗಿಂತ ಏಳು ಅಂಶ ಮೇಲೆ. ಸಂತೋಷ. ಆದರೆ ಓದಿದ ಮಕ್ಕಳು ಬೆಂಗಳೂರಿನಲ್ಲಿ ಇದ್ದಾರೆ. ಕಾಫಿ ಕೊಯ್ಯಲು ಅಸ್ಸಾಂನಿಂದ ಬಂದವರು ನಮ್ಮ ಲೈನ್ ಮನೆಗಳಲ್ಲಿ ಇದ್ದಾರೆ. ಅವರ ಮಕ್ಕಳು ಯಾವ ಶಾಲೆಗೆ, ಯಾವ ಭಾಷೆಯಲ್ಲಿ ಹೋಗುತ್ತಿದ್ದಾರೆ ಎಂದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಾಡಿನಂಚಿನ ಹಾಡಿಗಳ ಯರವ, ಜೇನು ಕುರುಬ ಮಕ್ಕಳು ಎಷ್ಟನೇ ಕ್ಲಾಸಿಗೆ ಶಾಲೆ ಬಿಡುತ್ತಾರೆ?

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು, ‘ಕೊಡಗಿಗೆ ಸ್ಯಾಮ್‌ಸಂಗ್ ಬರುವುದಿಲ್ಲ, ಬರುವುದೂ ಬೇಡ. ಹಾಗಾದರೆ ಈ ಕಥೆಯಲ್ಲಿ ನಮಗೇನಿದೆ?’ ಒಳ್ಳೆಯ ಪ್ರಶ್ನೆ. ನನ್ನ ಉತ್ತರ ಇಷ್ಟು. ನಮ್ಮ ಕಾಫಿಯಲ್ಲಿ ಹೆಚ್ಚಿನ ಪಾಲು ಹಸಿ ಬೀಜವಾಗಿಯೇ ಹಡಗು ಹತ್ತುತ್ತದೆ. ಅದರಲ್ಲಿ ದೊಡ್ಡ ಭಾಗ ಇಟಲಿಗೆ ಹೋಗುತ್ತದೆ. ಹುರಿಯುವುದು, ಬೆರೆಸುವುದು, ಹೆಸರಿಟ್ಟು ಮಾರುವುದು ಎಲ್ಲ ಅಲ್ಲಿ. ನೆರಳಿನಲ್ಲಿ, ಮರದ ಕೆಳಗೆ, ಮೆಣಸಿನ ಬಳ್ಳಿಯ ಪಕ್ಕ ಬೆಳೆದ ಕಾಫಿ ಎಂಬ ಕಥೆ ನಮ್ಮದು, ಅದನ್ನು ಹೇಳಿ ಕಾಸು ಮಾಡುವವರು ಬೇರೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ. ಕಲಿಸುವವರು ದೂರ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆ, ಕಣಕ್ಕೆ, ನೀರಾವರಿಗೆ ಸಬ್ಸಿಡಿ ಕೇಳುವಾಗ ಜೊತೆಗೆ ‘ಐದು ವರ್ಷದ ನಂತರ ನಮ್ಮ ಲೆಕ್ಕ ಕೇಳಿ, ಸುಧಾರಿಸದಿದ್ದರೆ ನಿಲ್ಲಿಸಿ’ ಎಂದು ನಾವೇ ಬರೆದುಕೊಟ್ಟರೆ ಹೇಗಿರುತ್ತದೆ?

ಮುಂದಿನ ಸಾಲಿನಲ್ಲಿ ಒಬ್ಬರು ಜೋರಾಗಿ ನಕ್ಕರು. ‘ಯಾರು ಬರೆದುಕೊಡುತ್ತಾರೆ ಸಾರ್!’ ಅಂದರು. ಅವರು ಹೇಳಿದ್ದು ಸರಿ. ಹಾಗಾದರೆ ಇನ್ನೂ ಸುಲಭದ್ದು ಕೇಳುತ್ತೇನೆ ಅಂದೆ. ಬಾಂಗ್ಲಾದವರು 130 ಜನರನ್ನು ಬುಸಾನ್‌ಗೆ ಕಳಿಸಿದರು. ಮೆಣಸಿನ ವಿಷಯದಲ್ಲಿ ಇಷ್ಟು ವರ್ಷ ವಿಯೆಟ್ನಾಂ ಅನ್ನು ಬೈದ ನಾವು, ಅವರ ತೋಟ ನೋಡಿ ಬಂದಿದ್ದೇವಾ? ಹೋಗಿ ಬಂದವರು ಕೈ ಎತ್ತಿ.

ಎರಡು ಕೈ ಎದ್ದವು. ಒಬ್ಬರು ಸಮುದ್ರ ನೋಡಲು ಹೋಗಿದ್ದರಂತೆ.